ಅಚ್ಚು

ಕರಾನಿಸ್ ಊರಿನ ಕುಂಬಾರ ನಾನು, ಪಟೆರ್ಮೂಥಿಸ್.
ನೈಲ್ ಇಳಿದಾಗ ಬಿಟ್ಟುಹೋಗುವ ಕಪ್ಪು ಮಣ್ಣು,
ಅಪ್ಪನಿಂದ ಬಂದ ಹದಿನೇಳು ಅಚ್ಚು.

ಅದರಲ್ಲೊಂದು ಈಸಿಸ್ ತಾಯಿಯದು:
ಪೀಠದ ಮೇಲೆ ಕೂತು ಮಗುವಿಗೆ ಮೊಲೆಯೂಡುವವಳು,
ತಲೆಯ ಮೇಲೆ ಹಸುವಿನ ಕೊಂಬು, ನಡುವೆ ಸೂರ್ಯ.
ಗುಡಿಗೆ ಬೀಗ ಬಿದ್ದ ವರ್ಷದಿಂದ ಒಂದೂ ಖರ್ಚಾಗಿಲ್ಲ.

ಹೋದ ವಾರ ತಾಯೆಸಿಸ್ ಬಂದಳು, ಹೋರಿಯೋನನ ಸೊಸೆ,
ಪಾಸ್ಕದ ರಾತ್ರಿ ನೀರಲ್ಲಿ ಮುಳುಗಿ ಎದ್ದವಳು.
ತಾಯೆಸಿಸ್ ಅಂದರೆ ಈಸಿಸ್‌ಗೆ ಸೇರಿದವಳು;
ಮುಳುಗಿದರೂ ಹೆಸರು ಕರಗಿಲ್ಲ.

“ಮಗುವಿಗೆ ಜ್ವರ. ಮರಿಯಮ್ಮ ಬೇಕು,
ಯೇಸುವನ್ನೆತ್ತಿಕೊಂಡ ಮರಿಯಮ್ಮ.”
“ಆ ಅಚ್ಚು ನನ್ನಲ್ಲಿಲ್ಲ, ತಾಯಿ.”
ಅವಳು ಹಲಗೆಯ ಕಡೆ ನೋಡಿದಳು. ಬಾಗಿಲ ಕಡೆ ನೋಡಿದಳು.
“ಕೊಂಬು ತೆಗೆದರೆ?”

ಹೊಸದೊಂದು ಒತ್ತಿ ಬಿಡಿಸಿದೆ. ಹಸಿಮಣ್ಣು, ಹೇಳಿದಂತೆ ಕೇಳುತ್ತದೆ:
ಹೆಬ್ಬೆರಳಾಡಿಸಿದರೆ ಕೊಂಬು ಮುಸುಕಾಯಿತು.
ಸೂರ್ಯ ಮಾತ್ರ ಹಟಮಾರಿ. ತಟ್ಟಿದಷ್ಟೂ ಅಗಲವಾಗಿ
ತಲೆಯ ಹಿಂದೆ ಹೋಗಿ ಕೂತ.
“ಅದಿರಲಿ,” ಅಂದಳು, “ಬೆಳಕಿನ ಹಾಗಿದೆ.”

ಮಗುವಿನ ತುಟಿಗೆ ನಾನು ಕೈ ಹಚ್ಚಲಿಲ್ಲ.
ಹಾಲು ಕುಡಿಯುವ ಕೂಸನ್ನು ಕದಲಿಸಬಾರದು ಅನ್ನುತ್ತಿದ್ದಳು ನಮ್ಮಮ್ಮ.

ನಾಳೆ ಸಭೆಯ ಹಿರಿಯರು ಬಂದು ಕೇಳಿದರೆ?
ಮಣ್ಣು ನದಿಯದು, ಬೆಂಕಿ ಒಲೆಯದು, ಹೆಸರು ಗಿರಾಕಿಯದು,
ಇಷ್ಟೇ ನನಗೆ ಗೊತ್ತು ಅನ್ನುತ್ತೇನೆ.
ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಸುಟ್ಟು ಕೊಟ್ಟ ದಿನ ಅರ್ಧ ಮಡಕೆ ಎಣ್ಣೆ ತಂದಳು.
ಜ್ವರ ಇಳಿಯಿತೋ ಇಲ್ಲವೋ, ಕೇಳಲು ಧೈರ್ಯವಾಗಲಿಲ್ಲ.
ಬೊಂಬೆಯ ಬಲಪಾದಕ್ಕೆ ಮುತ್ತಿಟ್ಟಳು. ಆ ಪಾದಕ್ಕೆ ಬೆರಳಿಲ್ಲ,
ಅಚ್ಚಿನಲ್ಲೇ ಸವೆದಿದೆ:
ಅಪ್ಪ ಈ ಅಚ್ಚು ತೆಗೆದದ್ದು ಹಳೇ ಬೊಂಬೆಯೊಂದರ ಮೇಲಿಂದ,
ತಾಯೆಸಿಸಳ ಅಜ್ಜಿಯ ಮನೆಯದು,
ದಿನಾ ಮುತ್ತಿಟ್ಟು ಮುತ್ತಿಟ್ಟು ನುಣುಪಾದದ್ದು.