ಬಾಗಿಲಿದ್ದ ಕಡೆ

ಮನೆ ಕಟ್ಟಿ ನೋಡು ಅಂದವರು ಯಾರೂ
ಕಟ್ಟುವ ಮೊದಲು ಏನೇನು ನೋಡಬೇಕೆಂದು
ಹೇಳಲಿಲ್ಲ.

ನಾವು ಮೊದಲು ನೋಡಿದ್ದು ಒಂದು ಗುಂಡಿ.
ಮೊಣಕಾಲುದ್ದ. ಅದಕ್ಕೆ ನೀರು ಹೊಯ್ದು
ಕೌಂಟಿ ಕಚೇರಿಯ ಟ್ಯಾಕೆಟ್
ಮಡಚು ಕುರ್ಚಿ ಹಾಕಿಕೊಂಡು ಕೂತ,
ಕೈಯಲ್ಲಿ ಗಡಿಯಾರ, ಗುಂಡಿಯಲ್ಲಿ ಅಳತೆಕೋಲು.
ನೆಲ ಎಷ್ಟು ಬೇಗ ಕುಡಿಯುತ್ತದೆಂದು ನೋಡಬೇಕಂತೆ.
ಕುಡಿಯದ ನೆಲಕ್ಕೆ ಕಕ್ಕಸಿಲ್ಲ,
ಕಕ್ಕಸಿಲ್ಲದ ಮನೆಗೆ ಪರವಾನಗಿಯಿಲ್ಲ.
ಒಂದಂಗುಲಕ್ಕೆ ಐವತ್ತೆರಡು ನಿಮಿಷ.
ಅಷ್ಟು ಹೊತ್ತೂ ಮೂವರು
ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗೆ
ತುಟಿ ಬಿಚ್ಚಲಿಲ್ಲ.
'ಜಿಪುಣ ಮಣ್ಣು,' ಅಂದ ಟ್ಯಾಕೆಟ್, 'ಆದರೂ ಪಾಸು.'

ಓಝಾರ್ಕಿನ ಈ ಗುಡ್ಡದಲ್ಲಿ ಕಲ್ಲು ಬೆಳೆಯುತ್ತದೆ.
ನಿನ್ನೆ ಆರಿಸಿದಲ್ಲೇ ಇವತ್ತು ಇನ್ನೊಂದು ತಲೆ ಎತ್ತಿರುತ್ತದೆ.
ಹಗಲೆಲ್ಲ ಸೀಡರ್ ಕಡಿದು, ಬೊಡ್ಡೆ ಕಿತ್ತು,
ರಾತ್ರಿ ಟಾರ್ಚು ಹಿಡಿದು
ಒಬ್ಬರ ಬೆನ್ನಲ್ಲಿ ಒಬ್ಬರು ಉಣ್ಣೆ ಹುಡುಕುತ್ತೇವೆ.
ಈ ವಯಸ್ಸಿನ ಬೆನ್ನನ್ನು
ಇಷ್ಟು ಗಮನವಿಟ್ಟು ಬೇರೆ ಯಾರು ನೋಡಿಯಾರು?

ಇರುವುದು ಇಪ್ಪತ್ತಾರು ಅಡಿಯ ಟ್ರೇಲರಿನಲ್ಲಿ.
ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು.
ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು,
ಇಕ್ಕಟ್ಟು ಗೊತ್ತು, ಗದ್ದಲ ಗೊತ್ತು;
ಡೆಲ್ಮರನ ಕೆಮ್ಮು ತಗಡಿನ ಗೋಡೆಗೆ ಬಡಿದು
ಎರಡೆರಡು ಸಲ ಕೇಳಿಸುವುದು ಮಾತ್ರ
ಗೊತ್ತಿರಲಿಲ್ಲ.

ಜನವರಿಯಲ್ಲಿ ಪೈಪು ಹೆಪ್ಪುಗಟ್ಟಿತು.
ಕೂದಲು ಒಣಗಿಸುವ ಯಂತ್ರ ಹಿಡಿದು
ಅವನು ಗಾಲಿಗಳ ನಡುವೆ ಮಲಗಿದ.
ನಾನು ಒಳಗೆ ನಲ್ಲಿ ತಿರುಗಿಸಿ ನಿಂತೆ.
'ಬಂತಾ?'
'ಇಲ್ಲ.'
'ಈಗ?'
'ಇಲ್ಲ.'
ಮೂವತ್ತೊಂದು ವರ್ಷದ ನಮ್ಮ ಸಂಸಾರದಲ್ಲಿ
ಅದೇ ಅತಿ ಉದ್ದದ ಮಾತುಕತೆ.

ಆಮೇಲೆ ಬೋರು. ಅಡಿಗಿಷ್ಟು ಅಂತ ಲೆಕ್ಕ.
ಇನ್ನೂರಕ್ಕೆ ಜಗಲಿ ಹೋಯಿತು.
ಇನ್ನೂರೈವತ್ತಕ್ಕೆ ಎರಡನೆಯ ಬಚ್ಚಲು.
ಎಂಬತ್ತಕ್ಕೆ ನನ್ನ ಮೂಡಣದ ಕಿಟಕಿ ಅರ್ಧವಾಯಿತು,
ಮುನ್ನೂರಕ್ಕೆ ಡೆಲ್ಮರ್ ನೋಟುಬುಕ್ಕು ಮುಚ್ಚಿ
ಸುಮ್ಮನೆ ಹೋಗಿ ಪಿಕಪ್ಪಿನಲ್ಲಿ ಕೂತ.
ಮುನ್ನೂರ ಹದಿನೇಳಕ್ಕೆ ನೀರು.
ಸುಣ್ಣಕಲ್ಲಿನ ಪುಡಿ ಕಲಸಿ ಬೆಳ್ಳಗೆ,
ನೊರೆನೊರೆಯಾಗಿ, ಕೊಳವೆಯ ಕಂಠ ಮೀರಿ.
ಮನೆಯೇ ಇರಲಿಲ್ಲ,
ಹಾಲು ಉಕ್ಕಿತ್ತು.

ಗೂಟ ಹೊಡೆದು ಗುಲಾಬಿ ದಾರ ಕಟ್ಟಿದೆವು.
ಸಂಜೆ ಕಾಫಿ ಹಿಡಿದು ಒಳಗೆ ಹೋಗುತ್ತೇವೆ.
ಅವನು ಗೋಡೆ ದಾಟಿ ಬಂದರೆ ಬೈಯುತ್ತೇನೆ,
ಬಾಗಿಲಿಂದ ಬಾ.
ಮಲಗುವ ಕೋಣೆಯಲ್ಲಿ ರಾತ್ರಿ ಜಿಂಕೆ ಮಲಗಿತ್ತು,
ಹುಲ್ಲು ಒತ್ತಿದ ಗುರುತು, ಇನ್ನೂ ಬೆಚ್ಚಗೆ.

ಮಾರ್ಚಿನಲ್ಲಿ, ದಾರಿಗೆಂದು ಬಣ್ಣ ಎಳೆದ ಜಾಗದಲ್ಲಿ,
ಡ್ಯಾಫೋಡಿಲ್.
ಒಂದಲ್ಲ, ಚದುರಿ ಅಲ್ಲ:
ಎರಡು ಸಾಲು, ನೂಲು ಹಿಡಿದು ನೆಟ್ಟಂತೆ.
ಕಾಡಿಗೆ ಸಾಲು ಬರುವುದಿಲ್ಲ.

ಆಚೆ ಗುಡ್ಡದ ಅರ್ವೆಲ್ಲಾ ಸ್ಟಾಲ್ಕಪ್,
ಎಂಬತ್ತೆಂಟು, ಕೋಲೂರಿ ಬಂದು ನೋಡಿದಳು.
'ಇಲ್ಲಿ ಮನೆಯಿತ್ತಲ್ಲ. ಸುಡಲಿಲ್ಲ, ಬೀಳಲಿಲ್ಲ.
ಹಲಗೆ ಹಲಗೆ ಬಿಚ್ಚಿ ಗಾಡಿಗೇರಿಸಿಕೊಂಡು ಹೋದರು.
ನಾನಾಗ ಚಿಕ್ಕವಳು.'
ನೆಟ್ಟವಳ ಹೆಸರು?
ನೆನಪಾಗಲಿಲ್ಲ ಅವಳಿಗೆ.
'ಕೋಳಿಗಳಿಗೆ ಬಲು ಬೈಯುತ್ತಿದ್ದಳು,' ಅಂದಳು,
'ಒಳ್ಳೆ ಗಂಟಲು.'

ನಾವು ಬರಿ ನೆಲ ಅಂದುಕೊಂಡು ಕೊಂಡಿದ್ದೆವು.

ಆ ಸಂಜೆ ಡೆಲ್ಮರ್ ಬಣ್ಣದ ಡಬ್ಬಿ ತೆಗೆದುಕೊಂಡು ಹೋಗಿ
ಗೆರೆಯನ್ನು ಹನ್ನೊಂದಡಿ ಬಳಸಿ ಎಳೆದ.
ಆ ತಿರುವಿಗೆ ಇನ್ನೆರಡು ಲೋಡು ಜಲ್ಲಿ ಬೇಕು.
ಉಳಿದರ್ಧ ಕಿಟಕಿಯ ವಿಷಯ
ಇಬ್ಬರೂ ಎತ್ತಲಿಲ್ಲ.

ಬೆಳಿಗ್ಗೆ ಟ್ರಕ್ಕಿನ ಹುಡುಗ ತಲೆ ಹೊರಗೆ ಹಾಕಿ ಕೇಳಿದ,
ಇಷ್ಟು ಜಾಗವಿದ್ದೂ ದಾರಿ ಯಾಕೆ ಸೊಟ್ಟ?
ಡೆಲ್ಮರ್ ಹೂವಿನ ಕಡೆ ಗಲ್ಲ ತೋರಿಸಿ
'ಅಲ್ಲಿ ಬಾಗಿಲಿದೆ,' ಅಂದ.