ಬಲಗಣ್ಣಿನ ತೋಟ

ಮಂಗಳವಾರ ಬಲಗಣ್ಣಿನ ಪೊರೆ ತೆಗೆದರು.
ಲುಬ್ಲಿನ್ನಿನ ಆಸ್ಪತ್ರೆ, ಇಪ್ಪತ್ತೇ ನಿಮಿಷ.
ಡಾಕ್ಟರಮ್ಮನಿಗೆ ನನ್ನ ಮೊಮ್ಮಗಳ ವಯಸ್ಸು,
ಕತ್ತರಿಸುವಷ್ಟು ಹೊತ್ತೂ ನನ್ನ ಟೊಮ್ಯಾಟೊ ಸಸಿಗಳನ್ನು
ವಿಚಾರಿಸಿಕೊಳ್ಳುತ್ತಿದ್ದಳು.

ಭಾನುವಾರ ಬಸ್ಸು ಹಿಡಿದು
ರೈಲುಹಳಿಯ ಪಕ್ಕದ ತೋಟಕ್ಕೆ ಬಂದೆ.
ಮೂರು ಗುಂಟೆ ನೆಲ, ಒಂದು ತಗಡಿನ ಗೂಡು,
ನಲವತ್ತು ವರ್ಷದಿಂದ ತಪ್ಪದೆ ಕಟ್ಟಿದ ಬಾಡಿಗೆ.
ಗೇಟು ತೆಗೆದೆ.
ತೆಗೆದವಳು ಅಲ್ಲೇ ನಿಂತೆ.

ಯಾರೋ ರಾತ್ರಿ ಬಂದು
ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟುಗಟ್ಟಲೆ ಕದಡಿ
ಗಿಡಗಳ ತಲೆಗೆ ಸುರಿದು ಹೋಗಿದ್ದಾರೆ!

ಡೆಲ್ಫಿನಿಯಂ ಅನ್ನುತ್ತಾರಲ್ಲ, ನಮ್ಮಲ್ಲಿ ಅದು ಓಸ್ಟ್ರುಷ್ಕಾ,
ರಾವುತನ ಹಿಮ್ಮಡಿಯ ಪುಟ್ಟ ಮುಳ್ಳು.
ಎದೆಮಟ್ಟ ಎದ್ದು ನಿಂತ ತೆನೆ ತೆನೆಯೂ ನೀಲಿ.
ನೀಲಿಯೊಳಗೆ ಊದಾ.
ಊದಾದೊಳಗೆ ಇನ್ನೂ ಏನೋ,
ಹೆಸರು ಹುಡುಕುವಷ್ಟರಲ್ಲಿ
ದಪ್ಪ ದುಂಬಿಯೊಂದು ಅದರ ಮೇಲೆ ಕೂತುಬಿಟ್ಟಿತು.

ಬಲಗಣ್ಣು ಮುಚ್ಚಿದೆ.
ಎಡಗಣ್ಣಿಗೆ ಅದೇ ಹಳೆಯ ತೋಟ,
ಟೀ ತುಂಬಿದ ಗಾಜಿನ ಲೋಟದಾಚೆ ನೋಡಿದ ಹಾಗೆ
ಕಂದು, ಬೂದಿ, ಒಣಹುಲ್ಲು.
ಎಡಗಣ್ಣು ಮುಚ್ಚಿದೆ. ನೀಲಿ.
ಕಂದು. ನೀಲಿ. ಕಂದು. ನೀಲಿ.

"ಗೆನೊವೆಫಾ! ಈ ವಯಸ್ಸಲ್ಲಿ ಯಾರಿಗೇ ಕಣ್ಣು ಹೊಡೀತಿದ್ದೀ?"
ಬೇಲಿಯಾಚೆ ಲಿಯೋಕಾದಿಯಾ, ಕೈಯಲ್ಲಿ ನೀರಿನ ಪೈಪು.

ಅವಳ ಹತ್ತಿರ ನನ್ನದೊಂದು ಹಳೆಯ ಬಾಕಿಯಿದೆ.
ಆರು ವರ್ಷದ ಹಿಂದೆ ಅಚ್ಚನೀಲಿ ಐರಿಸ್ ಬೇಕೆಂದಳು,
ಗಡ್ಡೆ ಅಗೆದು ಕೊಟ್ಟೆ.
ಅರಳಿದ ಮೇಲೆ ಬಂದು, ಇದು ಊದಾ, ಅಂದಳು.
ನೀಲಿ, ಅಂದೆ. ಊದಾ, ಅಂದಳು.
ನಾನು ಅಂದಿದ್ದು ಇಲ್ಲಿ ಬರೆಯುವಂಥದ್ದಲ್ಲ.
ಎರಡು ಈಸ್ಟರ್ ಹಬ್ಬ ಮಾತಿಲ್ಲದೆ ಕಳೆದವು.
ಈಗ ಬೇಲಿಯ ಸಂದಿನಲ್ಲಿ, ಕೊನೆಗೆ ಉಳಿದ ಒಂದೇ ಐರಿಸ್:
ಊದಾ. ಉಪವಾಸದ ದಿನಗಳಲ್ಲಿ
ನಮ್ಮ ಪಾದ್ರಿ ತೊಡುವ ನಿಲುವಂಗಿಯಷ್ಟು ಊದಾ.

ಆಗ ಬಂತು ಇನ್ನೊಂದು ಯೋಚನೆ, ಬರಬಾರದಿತ್ತು.
ಕಾಜಿಮಿಯೆಶನಿಗೆ ಕೊನೆಯದಾಗಿ ತೊಡಿಸಿದ ಕೋಟು
ಕಪ್ಪೆಂದು ಕಪಾಟಿನಿಂದ ಆರಿಸಿದವಳು ನಾನೇ.
ಮಗಳು ಏನೋ ಹೇಳಲು ಬಾಯಿ ತೆರೆದಳು,
ಮುಚ್ಚಿದಳು.

ಅದೇ ಬಟ್ಟೆಯ ವೇಸ್ಟ್‌ಕೋಟು
ಗೂಡಿನ ಮೊಳೆಗೆ ಇನ್ನೂ ನೇತಾಡುತ್ತಿದೆ,
ತೋಟದ ಕೆಲಸಕ್ಕೆಂದು ಇಟ್ಟುಕೊಂಡದ್ದು,
ಜೇಬಿನಲ್ಲಿ ಸೆಣಬಿನ ದಾರ, ನಾಲ್ಕು ಬಟಾಣಿ.
ಬಿಸಿಲಿಗೆ ತಂದು ಹಿಡಿದೆ.
ಕಡುನೀಲಿ.
ಮಣ್ಣು ಮೆತ್ತಿದ ಕಡೆ ಮಾತ್ರ ಕಪ್ಪು.

ಊರಿಗೆ ಊರೇ ಕಪ್ಪಿನಲ್ಲಿ ತಲೆ ತಗ್ಗಿಸಿ ನಿಂತಿದ್ದಾಗ
ನನ್ನವನೊಬ್ಬನೇ ನೀಲಿ ತೊಟ್ಟು ಮಲಗಿದ್ದ,
ಮದುವೆಗೆ ಹೊರಟವನ ಹಾಗೆ.
ನಗು ಬಂತು.
ಕಣ್ಣಿಗೆ ನೀರು ತಾಗಿಸಬೇಡ ಅಂದಿದ್ದಳು ಡಾಕ್ಟರಮ್ಮ,
ಒಳಗಿನಿಂದ ಬಂದರೆ ಏನು ಮಾಡಬೇಕು, ಹೇಳಿರಲಿಲ್ಲ.

ಎಡಗಣ್ಣಿನ ಸರದಿ ಸೆಪ್ಟೆಂಬರಿಗೆ.
ಚೀಟಿ ಫ್ರಿಜ್ಜಿನ ಬಾಗಿಲ ಮೇಲಿದೆ.
ಹೋಗುತ್ತೇನೆ, ಹೋಗದೆ ಏನು.
ಆದರೆ ಕೊನೆಯ ವರ್ಷಗಳಲ್ಲಿ ಅವನನ್ನು ನೋಡಿದ್ದು
ಈ ಕಂದು ಬೆಳಕಿನಲ್ಲಿ.
ಅವನ ನೆರೆತ ಕೂದಲಿಗೆ ಜೇನು ಸವರಿದ್ದೇ ಈ ಪೊರೆ.
ಅದನ್ನೂ ತೆಗೆದು ಯಾವ ಬಟ್ಟಲಲ್ಲಿ ಎಸೆಯುತ್ತಾರೋ.

ಅಲ್ಲಿಯವರೆಗೆ
ಒಂದೇ ಬಾಡಿಗೆಗೆ ನನಗೆ ಎರಡು ತೋಟ.

ಬೇಲಿಯ ಹತ್ತಿರ ಹೋಗಿ
"ಊದಾ ಕಣೇ, ಲಿಯೋಕಾದಿಯಾ," ಅಂದೆ.
ಅವಳು ಪೈಪನ್ನು ಮಡಚಿ ಹಿಡಿದು
ನೀರು ನಿಲ್ಲಿಸಿ ಕೇಳಿದಳು:
"ಯಾವುದು?"