ಎರಡು ನಿಮಿಷ ಜಾಗ

ಆರು ಜನ, ತಲೆಗೆ ಹನ್ನೆರಡು ರಿಯಾಲ್.
ರೂವಿಯ ಹೋಂಡಾ ರೋಡಿನ ಹಿಂದೆ ನಮ್ಮ ರೂಮು,
ಅನ್ನದ ಪಾತ್ರೆಯ ಸುತ್ತ ಕೂತು ವಾರವಿಡೀ ಒಂದೇ ಮಾತು:
ಯಾವ ರೆಕಾರ್ಡರು?

ಪ್ಲಸ್ ಬರೆಯುವುದೋ, ಮೈನಸ್ ಬರೆಯುವುದೋ;
ಎರಡೂ ಬರೆಯುವುದಕ್ಕೆ ಹದಿನೆಂಟು ಜಾಸ್ತಿ.
"ಇಲ್ಲಿದ್ದು ಬಿಡಿ ಮರಾಯ್ರೇ, ಊರಲ್ಲಿ ಎಂತ ಉಂಟು ಹೇಳಿ"
ಎಂದ ಪಿರೇರಾ. ಅವನು ಸ್ಟೋರ್ ಕೀಪರ್,
ಪಟ್ಟಿ ಮಾಡದೆ ಉಪ್ಪನ್ನೂ ತರುವವನಲ್ಲ.

ಉಪ್ಪಿನಂಗಡಿಯ ಫಕೀರಬ್ಬನ ಮನೆಯದ್ದು ಚೀನಾ ಮಾಲು,
ಒಲೆಯ ಹಾಗೆ, ಏನು ತುರುಕಿದರೂ ತಿನ್ನುತ್ತದೆ.
ಶಿರ್ವದ ಪಿರೇರಾನದ್ದು ಜಪಾನಿ, ಭಾರೀ ಮಡಿ,
ಮೈನಸ್ ಬಿಟ್ಟು ಬೇರೆ ಮುಟ್ಟುವುದಿಲ್ಲ.
ದಾಮ್ದಾನ ಅತ್ತೆಮನೆಯಲ್ಲಿ ಬರೀ ವಿಸಿಡಿ.
ಶರಣಪ್ಪನ ಊರಲ್ಲಿ ಪ್ಲೇಯರ್ ಇರುವುದು ಗಿರಣಿಯವನ ಹತ್ತಿರ,
ಯಾವ ಕಂಪನಿ ಎಂದು ಕೇಳಿದರೆ "ಕರೀದು" ಅಂದನಂತೆ.
ನನ್ನ ಅಕ್ಕ ಫೋನಿನಲ್ಲಿ ಪೆಟ್ಟಿಗೆಯ ಬೆನ್ನು ಓದಿದಳು,
ಅಕ್ಷರ ಅಕ್ಷರ ಕೂಡಿಸಿ,
ಕಾರ್ಡಿನ ಬೈಸಾ ಕರಗಿ ಸೊನ್ನೆಯಾಗುವವರೆಗೆ.

ಮಂಜ ಮೊಗವೀರ ಮಾತ್ರ ಸುಮ್ಮನಿದ್ದ.
ಗಂಗೊಳ್ಳಿಯ ಅವನ ಮನೆಯಲ್ಲಿ ಪ್ಲೇಯರೇ ಇರಲಿಲ್ಲ.

ಹಾಗೆ ಐದು ಬಾಯಿಗಳ ರುಚಿ ವಿಚಾರಿಸಿ
ಬಡಿಸುವ ಕೈಯೊಂದನ್ನು ಕೊಂಡುತಂದೆವು.

ಮೊದಲ ಡಿಸ್ಕು ಪಿರೇರಾನದು, ಚರ್ಚಿನ ಹಬ್ಬ.
ಹಾಲುಪುಡಿ ಡಬ್ಬಗಳ ನಡುವೆ ಯಾರದೋ ಸೂಟ್‌ಕೇಸಿನಲ್ಲಿ ಹೋಯಿತು.
ಹತ್ತನೇ ದಿನ ಹೆಂಡತಿಯ ಫೋನು:
"ನೋ ಡಿಸ್ಕ್ ಅಂತ ಬರ್ತದೆ. ಖಾಲಿ ಕಳಿಸಿದ್ದಾ?"

ದಾಮ್ದಾ ಮ್ಯಾನ್ಯುಯಲ್ ಬಿಡಿಸಿದ. ನಲವತ್ತೊಂದನೇ ಪುಟ:
ಬರೆದಾಯಿತು ಎಂದು ಯಂತ್ರಕ್ಕೆ ಹೇಳಬೇಕು.
ಹೇಳಿದ ಮೇಲೆ ಒಂದು ಕ್ಷಣವನ್ನೂ ಸೇರಿಸುವ ಹಾಗಿಲ್ಲ.
ಹೇಳದಿದ್ದರೆ
ಬರೆದ ಯಂತ್ರಕ್ಕಷ್ಟೇ ಅದರ ಗುರುತು.

ಫೈನಲೈಸ್ ಒತ್ತಿದರೆ ನಾಲ್ಕು ನಿಮಿಷ, ನಡುವೆ ಕರೆಂಟು ಹೋಗಬಾರದು.
ಫ್ರಿಜ್ಜಿನ ಬಾಗಿಲನ್ನೂ ತೆರೆಯದೆ ಕೂತೆವು.
ಒಬ್ಬೊಬ್ಬರದೇ ಮುಚ್ಚಿದವು, ಒಬ್ಬೊಬ್ಬರ ಊರಲ್ಲೇ ಓಡಿದವು.
ಗಿರಣಿಯವನ ಕರೀದು ಕೂಡ ಓಡಿತು.

ಮಂಜ ಮಾತ್ರ ಮುಚ್ಚಲಿಲ್ಲ.
ಮಗಳು ರಶ್ಮಿತಾ ಒಮ್ಮೆ ಕೇಳಿದ್ದಳಂತೆ:
"ಅಪ್ಪಯ್ಯಾ, ನೀನ್ ಅಲ್ಲ್ ಎಂತ ಕೆಲ್ಸ ಮಾಡುದ್?"
ಆ ಡಿಸ್ಕು ಅದಕ್ಕೆ ಉತ್ತರ.
ಶುಕ್ರವಾರ ದಾಮ್ದಾನ ಕ್ಯಾಮೆರಾ ಹಿಡಿದು ಮತ್ರಾ ದಂಡೆಗೆ ಹೋಗುವನು.
"ಕಾಣ್, ಎಡದಿಂದ ಮೂರನೇ ಕ್ರೇನು, ಅದ್ ನಂದ್."
ಕ್ರೇನು ಕತ್ತು ಚಾಚಿ ಸುಮ್ಮನೆ ನಿಂತಿರುವುದು,
ನಡೆಸುವವನು ಕೆಳಗೆ ಕ್ಯಾಮೆರಾ ಹಿಡಿದಿದ್ದಾನಲ್ಲ.
ಆಮೇಲೆ ಅವನ ಬೂಟು. ಬುತ್ತಿ. ಹೆಲ್ಮೆಟ್ಟಿನ ಒಳಗಿನ ಬೆವರಿನ ಉಪ್ಪುಗೆರೆ.
ಒಂದು ಗಂಟೆ ಐವತ್ತೆಂಟು ನಿಮಿಷ.
ಕ್ರೇನು ಓಡುವುದೊಂದು ಬಾಕಿ.

ಒಂದು ಬುಧವಾರ ಅರ್ಧ ದಿನ ರಜೆ ಹಾಕಿ ನಾನೇ ಹೋದೆ.
ಚಿತ್ರ ನಡುಗುವಷ್ಟು ಹತ್ತಿರ ಎಳೆದೆ.
ಕೆಂಪು ಪೆಟ್ಟಿಗೆ ಎದ್ದಿತು, ತಿರುಗಿತು,
ಗಾಜಿನ ಹಿಂದೆ ಕೈಯೊಂದು ಬೀಸಿದಂತಾಯಿತು.
ರಾತ್ರಿ ಅವನು ಎರಡು ಸಲ ನೋಡಿದ, ಚಹಾ ಆರಿತು.
"ಇದ್ ನಾನಲ್ಲ" ಅಂದ, ಮೆಲ್ಲಗೆ,
"ನಾ ಇವತ್ ಪಾಳಿ ಬದ್ಲ್ ಮಾಡಿದ್ದೆ. ಇದ್ ಆ ಬಿಹಾರದ ಹುಡ್ಗ."
ನನಗೆ ಬೇಜಾರಾಗದಿರಲೆಂದು ಟೇಪು ತೆಗೆದಿಟ್ಟುಕೊಂಡ.

ವರ್ಷಗಳು ಹೋದವು. ಸರಕಿನ ಹಡಗುಗಳು ಸೋಹಾರಿನ ಕಡೆ ತಿರುಗಿದವು,
ಕ್ರೇನಿನವರೂ ಹಿಂದೆ ಹೋದರು. ರೂಮು ಒಡೆಯಿತು.
ಕುಕ್ಕರಿಗೆ ಜಗಳವಾಯಿತು, ಇಸ್ತ್ರಿಪೆಟ್ಟಿಗೆಗೂ ಆಯಿತು.
ರೆಕಾರ್ಡರಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.
ಫಕೀರಬ್ಬ ಅದನ್ನು ತನ್ನ ಕಂಬಳಿಯಲ್ಲಿ ಸುತ್ತಿ
ಮಂಜನ ಟ್ಯಾಕ್ಸಿಯ ಸೀಟಿನ ಮೇಲಿಟ್ಟ, ಡಿಕ್ಕಿಯಲ್ಲಲ್ಲ.

ಹೋದ ತಿಂಗಳು ಫೋನು ಮಾಡಿದ್ದ.
ರಶ್ಮಿತಾ ಉಡುಪಿಯಲ್ಲಿ ನರ್ಸಿಂಗ್ ಎರಡನೇ ವರ್ಷವಂತೆ,
ಈಗ ಏನೂ ಕೇಳುವುದಿಲ್ಲವಂತೆ.
"ಡಿಸ್ಕು ಮುಚ್ಚಿದ್ಯಾ?" ಎಂದೆ.

ಆಚೆ ಯಾವುದೋ ಪೆಟ್ಟಿಗೆ ನೆಲಕ್ಕೆ ಕೂತ ಸದ್ದು.

"ಇನ್ನೂ ಎರಡ್ ನಿಮಿಷ ಜಾಗ ಇತ್ತ್ ಮರಾಯಾ."